ಉಪ್ಪಿಟ್ಟಿಗೆ ಬಂದ ಐವತ್ತು ಆಟಗಾರರು

ಕೋಳಿ ಕೂಗುವ ಹೊತ್ತಿಗೆ ನೀಲಾಂಬಿಕೆ ಒಲೆಯ ಬೂದಿ ತೋಡಿ, ಒಲೆ ಸಾರಿಸಿ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು, ಸೇದುವ ಬಾವಿಯಿಂದ ಎಂಟು ಕೊಡ ನೀರು ಹೊತ್ತಾಗಿರುತ್ತಿತ್ತು. ಆಮೇಲೆ ಕೊಟ್ಟಿಗೆ ಬಾಚಬೇಕು, ಹಸುವಿಗೆ ಹುಲ್ಲು ಹಾಕಿ ಹಾಲು ಕರೆಯಬೇಕು, ಕರೆಯುವಾಗ ಅದು ಒದ್ದರೆ ಒದೆಸಿಕೊಳ್ಳಬೇಕು, ಅತ್ತೆಯ ಲಿಂಗಪೂಜೆಗೆ ಪತ್ರೆ ಹೂವು ಬಿಡಿಸಿ ತರಬೇಕು, ಮುಸುರೆ ತಿಕ್ಕಬೇಕು, ಮಿಂದು ಬಂದು ತನ್ನ ಪೂಜೆಯನ್ನು ಶಿವ ಬೇಸರ ಮಾಡಿಕೊಳ್ಳದಷ್ಟು ಚುಟುಕಾಗಿ ಮುಗಿಸಬೇಕು. ಇಷ್ಟನ್ನು ಹೊಳೆನರಸೀಪುರದ ಎಲ್ಲ ಹೆಂಗಸರೂ ಮಾಡುತ್ತಿದ್ದರು. ಇದರ ಬಗ್ಗೆ ಅವಳ ತಕರಾರು ಏನೂ ಇರಲಿಲ್ಲ (ಇದ್ದಿದ್ದರೂ ಕೇಳುವವರು ಯಾರು). ತಕರಾರು ಶುರುವಾಗುತ್ತಿದ್ದುದು ಇದಾದ ಮೇಲೆ. ಕಾಫಿಬೀಜ ಹುರಿದು, ಬೀಸಿ, ಎಂಟು ಜನಕ್ಕೆ ಸಾಲುವಷ್ಟು ರವೆ ಹುರಿದು, ಎರಡು ತೆಂಗಿನಕಾಯಿ ತುರಿದು, ಚಟ್ನಿ ರುಬ್ಬಿ, ಹೊಗೆ ತುಂಬಿದ ಕಣ್ಣೊರೆಸಿಕೊಂಡು ಹೊರಗೆ ನೋಡಿದರೆ ಇನ್ನೂ ಬೆಳಕು ಹರಿದಿರುತ್ತಿರಲಿಲ್ಲ.

ಆ ಮನೆಯಲ್ಲಿದ್ದವರು ಮೂರೇ ಜನ. ಮಿಡ್ಲ್ ಸ್ಕೂಲಿನ ಷಡಕ್ಷರಿ ಮೇಷ್ಟ್ರು, ಅವರ ತಾಯಿ ಗುರುಸಿದ್ದಮ್ಮ, ಹೆಂಡತಿ ನೀಲಾಂಬಿಕೆ. ಮಕ್ಕಳಿಲ್ಲದ ಮನೆಯಲ್ಲಿ ಮೂರು ಜನಕ್ಕೆ ಎಷ್ಟು ಮಹಾ ಕೆಲಸವಿರುತ್ತದೆ ಎಂದು ಓಣಿಯ ಹೆಂಗಸರು ಅವಳನ್ನು ಕಂಡಾಗಲೆಲ್ಲ ಹೊಟ್ಟೆಕಿಚ್ಚು ಪಡುತ್ತಿದ್ದರು. ಮಿಕ್ಕ ಐದು ಜನದ ಉಪ್ಪಿಟ್ಟು ಚಿತ್ರಗಳ ಪಾಲಿಗೆ ಹೋಗುತ್ತಿತ್ತು ಎಂಬುದನ್ನು ಅವಳು ಅವರಿಗೆ ಹೇಗೆ ವಿವರಿಸಬೇಕು?

ಚಿತ್ರಗಳೆಂದರೆ ಸಿಗರೇಟಿನ ಪೊಟ್ಟಣದೊಳಗೆ ಬರುತ್ತಿದ್ದ ಗಟ್ಟಿ ಕಾಗದದ ಚೂರುಗಳು. ಅಗಲ ಎರಡು ಬೆರಳು. ಮುಂದುಗಡೆ ಬಣ್ಣದಲ್ಲಿ ಒಬ್ಬ ಕ್ರಿಕೆಟ್ ಆಟಗಾರ, ಹಿಂದುಗಡೆ ಇಂಗ್ಲಿಷಿನಲ್ಲಿ ಅವನ ಪ್ರತಾಪ, ಅದರ ಮೇಲೊಂದು ನಂಬರು. ಒಟ್ಟು ಐವತ್ತು ನಂಬರು. ಐವತ್ತನ್ನೂ ಕೂಡಿಸಿದವರಿಗೆ ಕಂಪನಿಯವರು ಏನು ಕೊಡುತ್ತಾರೆ ಎಂದು ನೀಲಾಂಬಿಕೆ ಮೊದಲನೇ ವಾರದಲ್ಲೇ ಕೇಳಿದ್ದಳು. "ಏನೂ ಕೊಡಲ್ಲ," ಎಂದು ಮೇಷ್ಟ್ರು ಎದೆಯುಬ್ಬಿಸಿ ಹೇಳಿದ್ದರು. ಇದು ಸಾವಿರದ ಒಂಬೈನೂರ ಮೂವತ್ತೇಳನೇ ಇಸವಿಯ ಮಾತು. ಆಗ ಮೇಷ್ಟ್ರಿಗೆ ಕ್ರಿಕೆಟ್ಟಿನ ಹುಚ್ಚು ನೆತ್ತಿಗೇರಿತ್ತು. ಅವರು ಬ್ಯಾಟು ಹಿಡಿದವರಲ್ಲ. ಹಾಸನದ ಹೈಸ್ಕೂಲಿನಲ್ಲಿ ಓದುವಾಗ ಒಂದೇ ಒಂದು ಸಲ ಚೆಂಡು ಅವರ ಕಡೆಗೆ ಬಂದಿತ್ತಂತೆ. ಅವರು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಟ್ಟಿದ್ದರಂತೆ.

ಚಿತ್ರ ಬೇಕಾದವನು ಸಿಗರೇಟು ಸೇದಬೇಕು. ಮೇಷ್ಟ್ರು ಸೇದುವ ಹಾಗಿರಲಿಲ್ಲ. ಎದೆಯ ಮೇಲೆ ಲಿಂಗವಿತ್ತು, ಶಾಲೆಯಲ್ಲಿ ತಂಬಾಕಿನ ಕೆಡುಕುಗಳ ಮೇಲೆ ತಿಂಗಳಿಗೊಂದು ಉಪನ್ಯಾಸವಿತ್ತು, ಮನೆಯಲ್ಲಿ ಅವ್ವನಿದ್ದಳು. ಹೀಗಾಗಿ ಅವರು ಸೇದುವವರನ್ನು ಸಾಕಲು ನಿಶ್ಚಯಿಸಿದರು. ಊರಿನಲ್ಲಿ ಆ ಸಿಗರೇಟು ಸೇದುವ ಅಂತಸ್ತಿದ್ದವರು ಆರೇಳು ಜನ. ಬಸ್ ಏಜೆಂಟ್ ದೇವರಾಜು ಅವರ ಪೈಕಿ ಮುಖ್ಯ; ಸರ್ವೇ ಆಫೀಸಿನ ಇಬ್ಬರು ಗುಮಾಸ್ತರು ಅವನ ಹಿಂದೆ. ಇವರೆಲ್ಲ ಬೆಳಿಗ್ಗೆ ಎದ್ದು, ಬೀದಿಯ ಆಚೆಯ ಹೊಂಗೆಮರದ ಕೆಳಗೆ ನಿಂತು ಸೇದಿ, ಬಾಯಿ ಮುಕ್ಕಳಿಸಿ, ಪರಮ ಸಾತ್ವಿಕರಂತೆ ಮೇಷ್ಟ್ರ ಪಡಸಾಲೆಗೆ ಬಂದು ಕೂರುತ್ತಿದ್ದರು. ತಿಂಡಿ ತಿಂದು, ಕಾಫಿ ಕುಡಿದು, ಎರಡನೇ ಸಲ ಕಾಫಿ ಕುಡಿದು, ಆಮೇಲೆ ಜೇಬಿನಿಂದ ಚಿತ್ರ ತೆಗೆಯುತ್ತಿದ್ದರು. ಎಷ್ಟೋ ಸಲ ಅದು ಮೇಷ್ಟ್ರ ಹತ್ತಿರ ಆಗಲೇ ಇದ್ದ ನಂಬರೇ ಆಗಿರುತ್ತಿತ್ತು. ಉಪ್ಪಿಟ್ಟನ್ನು ವಾಪಸು ಕೇಳುವ ಪದ್ಧತಿ ಇರಲಿಲ್ಲ.

"ನಾಳೆ ದೇವರಾಜು ಬರ್ತಾನೆ ಕಣೇ. ಹನ್ನೆರಡನೇ ನಂಬರು ಅವನ ಹತ್ರ ಇದೆಯಂತೆ," ಎನ್ನುತ್ತಿದ್ದರು ಮೇಷ್ಟ್ರು.

"ಹನ್ನೆರಡನೇ ನಂಬರಿಗೆ ಏನು ಮಾಡ್ಬೇಕು?"

"ಹಿತಕಿದ ಬೇಳೆ ಸಾರು ಅಂದ್ರೆ ಅವನಿಗೆ ಪ್ರಾಣ."

"ಬೇಳೆ ಹಿತುಕೋರು ಯಾರು?"

"ಚಿತ್ರ ಅಂಟಿಸೋನು ನಾನಲ್ವಾ? ಮೂಲೆ ಸೊಟ್ಟಗಾಗದಂಗೆ ಅಂಟಿಸೋದು ಅಂದ್ರೆ ಸಲೀಸು ಕೆಲಸ ಅಂದ್ಕೊಂಡಿದೀಯ? ಬೆನ್ನೆಲ್ಲ ಹಿಡ್ಕೊಂಡ್ಬಿಡ್ತದೆ."

ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ, ಸಿಪ್ಪೆ ಕಳಚಿ, ಬೇಳೆಯನ್ನು ಹಾರಿಸುವ ಕೆಲಸಕ್ಕೆ ಬೆನ್ನು ಬೇಕಾಗಿಲ್ಲವೆಂದು ಅವರು ತಿಳಿದಿದ್ದರು. ನೀಲಾಂಬಿಕೆಗೆ ಆ ಆಟಗಾರರ ಹೆಸರು ಒಂದೂ ನಾಲಿಗೆಗೆ ಹೊರಳುತ್ತಿರಲಿಲ್ಲ. ಅವಳು ಅವರನ್ನು ಗುರುತಿಟ್ಟುಕೊಂಡದ್ದೇ ಬೇರೆ ಬಗೆಯಲ್ಲಿ. ಹನ್ನೆರಡನೇ ನಂಬರಿನ ಮೀಸೆಯವನು ಎರಡು ಮೊರ ಅವರೆಕಾಯಿ. ಕುಕ್ಕರಗಾಲಲ್ಲಿ ಕೂತ ಕೈಗವಸಿನವನು ಮೂರು ದಿನದ ಅಕ್ಕಿರೊಟ್ಟಿ. ಬ್ಯಾಟನ್ನು ಹೆಗಲಿಗೇರಿಸಿ ನಗುತ್ತಿದ್ದವನೊಬ್ಬನಿದ್ದ, ಅವನಂತೂ ಅವಳಿಗೆ ಜ್ವರ ಬಂದಿದ್ದ ದಿನದ ಕಾಯಿಹೋಳಿಗೆ. ಅವನು ನಗುತ್ತಿರುವುದನ್ನು ಕಂಡರೆ ಅವಳಿಗೆ ಈಗಲೂ ಮೈ ಉರಿಯುತ್ತಿತ್ತು.

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಇದರ ಮೇಲೊಂದು ಸುಳ್ಳು ಬಂದು ಕೂತಿತು. ಮೇಷ್ಟ್ರನ್ನು ಎಷ್ಟು ಬೈದರೂ, ಆ ಸುಳ್ಳನ್ನು ಹೇಳಿದವಳು ನೀಲಾಂಬಿಕೆಯೇ ಎಂಬುದನ್ನು ಮುಚ್ಚಿಡುವಂತಿಲ್ಲ.

ಮೇಷ್ಟ್ರು ಬಡಗಿಯ ಕೈಯಲ್ಲಿ ಐವತ್ತು ಮನೆಗಳ ಒಂದು ಹಲಗೆ ಮಾಡಿಸಿ, ಗಾಜು ಹಾಕಿಸಿ, ಪಡಸಾಲೆಯ ಗೋಡೆಗೆ ನೇತುಹಾಕಿದ್ದರು. ಚಿತ್ರ ಬಂದ ಹಾಗೆಲ್ಲ ಗಾಜು ತೆಗೆದು ಅಂಟಿಸುವುದು. ಗುರುಸಿದ್ದಮ್ಮನ ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು. ಬಿಳಿ ಕಪ್ಪು ಮಾತ್ರ ಮಸಕು ಮಸಕಾಗಿ ತೋರುತ್ತಿತ್ತು. ಒಂದು ಬೆಳಿಗ್ಗೆ ಆಕೆ ಹಲಗೆಯ ಮುಂದೆ ನಿಂತು ಗಾಜನ್ನು ಸವರುತ್ತ ಕೇಳಿದಳು.

"ಯಾರವ್ವ ಇವ್ರು? ಬಿಳೀ ಬಟ್ಟೆ ಉಟ್ಕಂಡವ್ರೆ, ಕೈಯಾಗೆ ಕೋಲು ಇಡ್ಕಂಡಂಗದೆ."

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಕಾವಲಿಯ ಮೇಲೆ ರೊಟ್ಟಿ ಕರಕಾಗುತ್ತಿತ್ತು, ಹಿತ್ತಲಲ್ಲಿ ಕರು ಹಗ್ಗ ಬಿಚ್ಚಿಕೊಂಡಿತ್ತು. ಸಿಗರೇಟು ಎಂಬ ಶಬ್ದ ಬಾಯಿಂದ ಬಿದ್ದರೆ ಅದರ ಹಿಂದೆ ಬರುವ ಒಂದು ಗಂಟೆಯ ವಿಚಾರಣೆಗೆ ನೀಲಾಂಬಿಕೆಯ ಹತ್ತಿರ ಸಮಯವಿರಲಿಲ್ಲ.

"ಪುರಾತನರು ಅತ್ತೆಮ್ಮ. ಶಿವಶರಣರು," ಎಂದು ಹೇಳಿ ಹಾಲಿನ ಕಡೆಗೆ ಓಡಿದಳು.

ಆ ಸುಳ್ಳು ಹುಟ್ಟುವುದಕ್ಕೆ ಹಾಲು ಉಕ್ಕುವಷ್ಟು ಹೊತ್ತೂ ಹಿಡಿಯಲಿಲ್ಲ. ಅದನ್ನು ಸಾಕುವುದಕ್ಕೆ ಎರಡು ವರ್ಷ ಬೇಕಾಯಿತು. ಗುರುಸಿದ್ದಮ್ಮ ಅಂದೇ ಹಲಗೆಗೆ ವಿಭೂತಿ ಹಚ್ಚಿ, ದಿನಾ ಬೆಳಿಗ್ಗೆ ಅದರ ಮುಂದೆ ಎಡೆ ಇಡಬೇಕೆಂದು ಅಪ್ಪಣೆ ಮಾಡಿದಳು. ತಿಂಡಿಗೆ ಬರುವ ದೇವರಾಜು ಮುಂತಾದವರು ಶರಣರ ಪಟಗಳನ್ನು ದೂರದೂರುಗಳಿಂದ ತಂದುಕೊಡುವ ಭಕ್ತರೆಂದು ಆಕೆ ತಾನೇ ತಾನಾಗಿ ತೀರ್ಮಾನಿಸಿದಳು. "ಭಕ್ತರು ಅಸ್ಕಂಡು ಓಗಬಾರ್ದು ಕಣವ್ವ. ಇನ್ನೊಂದೀಟು ಉಪ್ಪಿಟ್ಟು ಆಕು," ಎಂದು ಒಳಮನೆಯ ಬಾಗಿಲಲ್ಲಿ ಕೂತು ಮೇಲ್ವಿಚಾರಣೆ ನಡೆಸಿದಳು. ಮೇಷ್ಟ್ರಿಗೆ ವಿಷಯ ತಿಳಿದಾಗ ಅವರು ಹೆಂಡತಿಯ ಕಡೆಗೆ ಕೃತಜ್ಞತೆಯಿಂದ ನೋಡಿದರು. ಮದುವೆಯಾದ ಏಳು ವರ್ಷದಲ್ಲಿ ಅದೇ ಮೊದಲು. ಉಪ್ಪಿಟ್ಟು ತಿನ್ನುವವರು ಮೂವರಿದ್ದದ್ದು ಐವರಾದರು.

ಕೊನೆಗೆ ಅತ್ತೆಯಿಂದ ಇನ್ನೊಂದು ಅಪ್ಪಣೆ ಬಂತು. ಎಡೆ ಇಡುವ ಕೈ ನಡುವೆ ಬದಲಾಗಬಾರದು; ಶರಣರೆಲ್ಲ ಬಂದು ಸೇರುವ ತನಕ ಸೊಸೆ ಒಂದು ದಿನದ ಮಟ್ಟಿಗೂ ಮನೆ ಬಿಟ್ಟು ಹೋಗಕೂಡದು.

ಇದು ನೀಲಾಂಬಿಕೆಯ ಎದೆಗೆ ಚುಚ್ಚಿದ ಮುಳ್ಳು. ಅವಳ ತವರು ಅರಕಲಗೂಡು, ಬಸ್ಸಿನಲ್ಲಿ ಕೂತರೆ ಅರ್ಧ ದಿನವೂ ಬೇಕಿಲ್ಲ. ತಾಯಿ ಇಲ್ಲ. ತಂದೆ ನಂಜಯ್ಯ, ಮತ್ತೆ ಮೊದಲ ಹೆರಿಗೆಗೆಂದು ಬಂದಿದ್ದ ತಂಗಿ ಶಾಂತಕುಮಾರಿ, ಇಬ್ಬರೇ ಮನೆಯಲ್ಲಿ. ಶಾಂತಕುಮಾರಿ ಪೆನ್ಸಿಲ್ಲಿನಲ್ಲಿ ಮೂರು ಕಾಗದ ಬರೆದಿದ್ದಳು. ಮೊದಲನೆಯದರಲ್ಲಿ ಎಲ್ಲರ ಕ್ಷೇಮ ವಿಚಾರಿಸಿದ್ದಳು. ಎರಡನೆಯದರಲ್ಲಿ ಯಾವಾಗ ಬರುತ್ತೀ ಎಂದು ಕೇಳಿದ್ದಳು. ಮೂರನೆಯದರಲ್ಲಿ ಒಂದೇ ಸಾಲು: ಅಕ್ಕ, ಈ ಅಮಾವಾಸ್ಯೆ ಕಳೆದರೆ ದಿನ ತುಂಬುತ್ತದೆ, ನೀನು ಪಕ್ಕದಲ್ಲಿಲ್ಲದಿದ್ದರೆ ನನಗೆ ಭಯ.

ಅಮಾವಾಸ್ಯೆಗೆ ಎಂಟು ದಿನವಿತ್ತು. ಹಲಗೆಯಲ್ಲಿ ಒಂದೇ ಮನೆ ಖಾಲಿಯಿತ್ತು. ಮೂವತ್ತೊಂದನೇ ನಂಬರು.

"ಅದೊಂದು ಸಿಕ್ಕಿಬಿಟ್ರೆ ಮಾರನೇ ದಿನಾನೇ ನಿನ್ನ ಬಸ್ ಹತ್ತಿಸ್ತೀನಿ," ಎಂದರು ಮೇಷ್ಟ್ರು.

"ಸಿಗದೇ ಹೋದ್ರೆ?"

"ಸಿಗದೇ ಏನು? ಭಾನುವಾರ ಆರು ಜನರನ್ನ ಕರೆದಿದೀನಿ. ಸ್ವಲ್ಪ ಕಾಯಿಕಡುಬು ಮಾಡ್ಬಿಡು."

ಕಾಯಿಕಡುಬು ಮಾಡಿದ್ದಾಯಿತು. ಆರು ಜನ ತಿಂದದ್ದಾಯಿತು. ಅವರ ಜೇಬಿನಿಂದ ಹೊರಬಂದವರಲ್ಲಿ ಮೀಸೆಯವನು ನಾಲ್ಕು ಸಲ, ನಗುವವನು ಎರಡು ಸಲ. ಮೂವತ್ತೊಂದನೆಯವನ ಸುಳಿವಿಲ್ಲ. ಅವನು ಹುಟ್ಟಿಯೇ ಇಲ್ಲವೇನೋ ಎಂದು ನೀಲಾಂಬಿಕೆಗೆ ಅನುಮಾನ ಬಂತು.

ಬುಧವಾರ ಬಟ್ಟೆ ಒಗೆಯುವ ಲಕ್ಷ್ಮಿದೇವಮ್ಮ ಬಂದಳು. ಹಿತ್ತಲ ಜಗುಲಿಯ ಮೇಲೆ ಒಗೆದ ಬಟ್ಟೆ ಬಿಚ್ಚಿ ಇಳಿಸಿ, ಮೇಷ್ಟ್ರ ಅಂಗಿಯ ಗುಂಡಿಯೊಂದು ಕಿತ್ತುಬಂದದ್ದನ್ನು ಕಂಡು, ಸೊಂಟದ ಚೀಲದಿಂದ ಸೂಜಿ ದಾರ ತೆಗೆದಳು. ದಾರವನ್ನು ಒಂದು ಗಟ್ಟಿ ಕಾಗದದ ಚೂರಿಗೆ ಸುತ್ತಿಟ್ಟಿದ್ದಳು. ಅದರ ಅಗಲ ಎರಡು ಬೆರಳು.

ನೀಲಾಂಬಿಕೆ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಲಕ್ಷ್ಮಿದೇವಮ್ಮ, ಆ ದಾರದ ಒಳಗಿರೋದು ಏನು?"

"ಇದಾ? ಸಿಕರೇಟ್ನೊಳಗಿನ ಬೊಂಬೆ ಕಣ್ರವ್ವ. ಬಟ್ಟೆ ಜೇಬ್ನಾಗೆ ಇರ್ತವೆ. ನೆಂದ್ರೆ ಬಣ್ಣ ಬುಟ್ಟು ಅಂಗಿಯೆಲ್ಲ ಕೆಡ್ಸಿಬುಡ್ತವೆ, ಅದ್ಕೇ ನೀರಿಗಾಕೋ ಮುಂಚೆ ತಗ್ದುಬುಡ್ತೀನಿ."

"ಇದೊಂದೇನಾ?"

"ಒಂದೆಲ್ಲಿ ಬಂತು. ಕುಡಿಕೆ ತುಂಬ ಅವೆ. ಆ ಬಸ್ಸಿನ ದೇವರಾಜಪ್ಪೋರ ಕೋಟ್ನಾಗೆ ಒಂದೊಂದ್ಸಲ ಮೂರು ಮೂರು. ನಮ್ಮೆಜಮಾನ ಕೆಂಚಯ್ಯ ಅವ್ನೆಲ್ಲ ಜೋಡ್ಸಿ ನೋಡಿ, ಒಟ್ಟು ಐವತ್ತು ತರದೋರು ಅವ್ರೆ ಕಣೆ ಅಂದ. ಎಲ್ರೂ ಬಿಳೀ ಬಟ್ಟೆಯೋರು. ಒಗೆಯೋರ್ಗೆ ಎಂತಾ ಕಷ್ಟ ನೋಡಿ, ಮಣ್ಣಾಗೆ ಬಿದ್ದು ಆಡಕ್ಕೆ ಬಿಳೀ ಬಟ್ಟೆ ಯಾಕಾದ್ರೂ ಬೇಕು."

ಎರಡು ವರ್ಷದಲ್ಲಿ ಆ ಆಟಗಾರರ ಬಗ್ಗೆ ಯಾರಾದರೂ ಆಡಿದ ತೂಕದ ಮಾತೆಂದರೆ ಇದೊಂದೇ. ಆದರೆ ನೀಲಾಂಬಿಕೆಗೆ ಅದನ್ನು ಮೆಚ್ಚುವಷ್ಟು ವ್ಯವಧಾನವಿರಲಿಲ್ಲ.

"ಐವತ್ತೂ ನಿನ್ನ ಹತ್ರ ಅವೆಯಾ?"

"ಊ ಕಣ್ರವ್ವ."

"ಯಾರೂ ವಾಪಸು ಕೇಳ್ಲಿಲ್ವಾ?"

"ಜೇಬ್ನಾಗೆ ಕಾಸು ಇದ್ರೆ ಕೇಳ್ತಾರೆ. ಬೊಂಬೆ ಯಾರು ಕೇಳ್ತಾರೆ? ನೀವು ಕೇಳಿದ್ರೆ ಕುಡಿಕೆ ಸಮೇತ ತಂದ್ಕೊಡ್ತಿದ್ದೆ. ನೀವು ಯಾವತ್ತೂ ಕೇಳ್ನೇ ಇಲ್ವಲ್ಲ."

ನೀಲಾಂಬಿಕೆ ಗೋಡೆಗೆ ಒರಗಿಕೊಂಡಳು. ಅವಳ ಕಣ್ಣಮುಂದೆ ಅವರೆಕಾಯಿಯ ರಾಶಿಗಳು, ಕಾವಲಿಯಿಂದ ಏಳುತ್ತಿದ್ದ ರೊಟ್ಟಿಗಳು, ಕಾಫಿಬೀಜದ ಹೊಗೆ, ಜ್ವರದಲ್ಲಿ ತಟ್ಟಿದ ಹೋಳಿಗೆಗಳು ಸಾಲುಗಟ್ಟಿ ಹೋದವು. ಗಂಡಸರು ಗಂಡಸರನ್ನೇ ಕೇಳಿದರು. ಗಂಡಸರ ಜೇಬು ಕೊನೆಗೆ ಯಾರ ಕೈಗೆ ಬರುತ್ತದೆ ಎಂದು ಯೋಚಿಸುವುದು ಅವರಿಗೆ ಹೊಳೆಯಲಿಲ್ಲ. ಹೋಗಲಿ, ಅವರು ಗಂಡಸರು. ವಾರವಾರವೂ ಬಟ್ಟೆಗಂಟು ಕಟ್ಟಿ ಕಳಿಸುತ್ತಿದ್ದ ತನಗೆ ಯಾಕೆ ಹೊಳೆಯಲಿಲ್ಲ? ಸಿಟ್ಟು ಯಾರ ಮೇಲೆಂದು ತಿಳಿಯದೆ ಅವಳು ಮೊರದಲ್ಲಿದ್ದ ಕಲ್ಲನ್ನು ಅಕ್ಕಿಯ ಕಡೆಗೂ ಅಕ್ಕಿಯನ್ನು ಕಲ್ಲಿನ ಕಡೆಗೂ ಎಸೆದಳು.

"ಈ ದಾರ ಸುತ್ತಿರೋದರ ನಂಬರು ನೋಡ್ಲಾ?"

ದಾರ ಬಿಚ್ಚಿದರು. ತೆಳ್ಳಗೆ, ಉದ್ದಕ್ಕೆ, ಚೆಂಡನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ ಒಬ್ಬ ಬಡಕಲು ಮನುಷ್ಯ ಹೊರಬಿದ್ದ. ದಾರದ ಬರೆಗಳು ಅವನ ಮೈತುಂಬ. ಬೆನ್ನು ತಿರುಗಿಸಿದರೆ ಮೂವತ್ತೊಂದು. ನೀಲಾಂಬಿಕೆ ಒಳಗೆ ಹೋಗಿ ಮೇಷ್ಟ್ರ ಹೆಚ್ಚಿನ ಚಿತ್ರಗಳ ಡಬ್ಬಿಯಿಂದ ಮೀಸೆಯವನನ್ನು ತಂದುಕೊಟ್ಟಳು. ಲಕ್ಷ್ಮಿದೇವಮ್ಮ ಅವನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇವ್ನೇ ವಾಸಿ, ಗಟ್ಟಿಯಾಗವ್ನೆ," ಎಂದು ದಾರ ಸುತ್ತಿಕೊಂಡಳು. ಎರಡು ವರ್ಷದ ತಪಸ್ಸು ಎರಡು ನಿಮಿಷದಲ್ಲಿ, ಒಂದು ಲೋಟ ನೀರು ಕೂಡ ಕೊಡದೆ ಮುಗಿದಿತ್ತು. ನೀಲಾಂಬಿಕೆಗೆ ಅದು ಹೊಳೆದು ನಾಚಿಕೆಯಾಯಿತು. ಲಕ್ಷ್ಮಿದೇವಮ್ಮನನ್ನು ಕೂರಿಸಿ ಕಾಫಿ ಮಾಡಿಕೊಟ್ಟಳು. ಆ ಮನೆಯಲ್ಲಿ ಅವಳು ಮನಸಾರೆ ಮಾಡಿದ ಕಾಫಿ ಅದೊಂದೇ ಇರಬೇಕು.

ಮಾರನೇ ಬೆಳಿಗ್ಗೆ ಪಡಸಾಲೆಯಲ್ಲಿ ಐವರೂ ತಿಂಡಿಗೆ ಕೂತಿದ್ದಾಗ ಅವಳು ಬಂದು ಚಿತ್ರವನ್ನು ಮೇಷ್ಟ್ರ ತಟ್ಟೆಯ ಪಕ್ಕ ಇಟ್ಟಳು. ಮೇಷ್ಟ್ರು ಉಪ್ಪಿಟ್ಟಿನ ಕೈಯನ್ನು ಅಂತರದಲ್ಲೇ ಹಿಡಿದು, ಬಗ್ಗಿ, ನಂಬರು ಓದಿದರು. ಅವರ ಮುಖದ ಬಣ್ಣ ಏರಿತು, ಇಳಿಯಿತು, ಮತ್ತೆ ಏರಿತು. ಎಲ್ಲಿ ಸಿಕ್ಕಿತು ಎಂದು ಕೇಳುವ ಮೊದಲೇ ಅವರು ಭಕ್ತಮಂಡಳಿಯ ಕಡೆಗೆ ತಿರುಗಿದ್ದರು.

"ನೋಡಿದ್ರಾ? ಛಲ ಅಂದ್ರೆ ಇದು. ಎರಡು ವರ್ಷ ನಾನು ಬೆನ್ನು ಹತ್ತಿದ್ದಕ್ಕೆ ಕೊನೆಗೂ ಬಂದು ಬಿದ್ದ."

"ಮೇಷ್ಟ್ರು ಅಂದ್ರೆ ಸಾಮಾನ್ಯವಾ," ಎಂದ ದೇವರಾಜು, ಚಟ್ನಿ ನೆಕ್ಕುತ್ತ.

ನೀಲಾಂಬಿಕೆ ಬೆನ್ನು ಹತ್ತಿದವರು ಯಾರೆಂಬ ವಿಚಾರವನ್ನು ಅಲ್ಲೇ ಬಿಟ್ಟಳು. ಅವಳಿಗೆ ಬೇಕಾಗಿದ್ದುದು ಕೀರ್ತಿಯಲ್ಲ, ಬಸ್ಸು. "ಐವತ್ತೂ ಆಯ್ತು. ನಾಳೆ ಬೆಳಿಗ್ಗೆ ಬಸ್ಸಿಗೆ ನಾನು ಅರಕಲಗೂಡಿಗೆ ಹೊರಡ್ತೀನಿ," ಎಂದಳು, ಎಲ್ಲರಿಗೂ ಕೇಳುವ ಹಾಗೆ.

"ಧಾರಾಳವಾಗಿ," ಎಂದರು ಮೇಷ್ಟ್ರು. ಆ ಗಳಿಗೆಯಲ್ಲಿ ಅವಳು ಕಾಶಿಗೆ ಹೋಗುತ್ತೇನೆ ಎಂದಿದ್ದರೂ ಅವರು ಧಾರಾಳವಾಗಿ ಎನ್ನುತ್ತಿದ್ದರು.

ಆಗ ಒಳಮನೆಯ ಬಾಗಿಲಿನಿಂದ ಗುರುಸಿದ್ದಮ್ಮನ ದನಿ ಬಂತು.

"ಎಷ್ಟು ಜನ ಅಂದ್ರವ್ವ?"

"ಐವತ್ತು ಅತ್ತೆಮ್ಮ. ಎಲ್ಲರೂ ಬಂದ್ರು."

"ಐವತ್ತೆಂಗಾಯ್ತದೆ? ಪುರಾತನರು ಅರವತ್ತುಮ್ಮೂರು ಜನ ಅಲ್ವಾ. ಇನ್ನ ಅದಿಮೂರು ಜನ ಬರಬೇಕಲ್ಲ."

ಪಡಸಾಲೆಯಲ್ಲಿ ಉಪ್ಪಿಟ್ಟು ಅಗಿಯುವ ಸದ್ದೂ ನಿಂತಿತು. ಅರವತ್ತುಮೂವರು ಪುರಾತನರು ಎಂಬುದನ್ನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದವಳು ನೀಲಾಂಬಿಕೆ. ಆ ದಿನ ಹಾಲು ಉಕ್ಕದೆ ಇದ್ದಿದ್ದರೆ ಸಂಖ್ಯೆಯನ್ನು ನೋಡಿಕೊಂಡು ಸುಳ್ಳು ಹೇಳುತ್ತಿದ್ದಳು. ಅವಳು ಗಂಡನ ಮುಖ ನೋಡಿದಳು: ಇವರು ಈಗಲಾದರೂ ಬಾಯಿಬಿಟ್ಟು ನಿಜ ಹೇಳಲಿ, ಇಲ್ಲ ಇನ್ನೊಂದು ಸುಳ್ಳಾದರೂ ಹೇಳಲಿ. ಮೇಷ್ಟ್ರ ಕಣ್ಣಲ್ಲಿ ಬೇರೆಯೇ ಬೆಳಕು ಹತ್ತಿತ್ತು.

"ಹೌದಲ್ವಾ ಅವ್ವ. ಹದಿಮೂರು ಜನ ಬಾಕಿ," ಎಂದರು ಮೆಲ್ಲಗೆ.

ದೇವರಾಜು ಅವರ ಕಿವಿಯ ಹತ್ತಿರ ಬಾಗಿದ. "ಹೊಸಾ ವರಸೆ ಬಂದದೆ ಸಾ. ಮೊನ್ನೆಯಿಂದ ಪೊಟ್ಟಣದಾಗೆ ಫುಟ್‌ಬಾಲಿನೋರು ಬತ್ತಾವ್ರೆ. ಚಡ್ಡಿ ಆಕ್ಕಂಡವ್ರೆ, ಅದೊಂದೇ ತೊಂದರೆ."

"ಅವ್ವನಿಗೆ ಚಡ್ಡಿ ಕಾಣಲ್ಲ," ಎಂದು ಮೇಷ್ಟ್ರು ಪಿಸುಗುಟ್ಟಿ, ಹೆಂಡತಿಯ ಕಡೆಗೆ ತಿರುಗಿ ಕೈಯೆತ್ತಿದರು. "ಒಂದು ತಿಂಗಳು ತಡ್ಕೋ ನೀಲಾ. ಹದಿಮೂರು ಯಾವ ಮಹಾ. ಶಾಂತಕುಮಾರಿಗೆ ಸೂಲಗಿತ್ತಿ ಇದ್ದೇ ಇರ್ತಾಳೆ. ನೀನು ಹೋಗಿ ಮಾಡೋದು ಏನಿದೆ ಅಲ್ಲಿ?"

ನೀಲಾಂಬಿಕೆ ಅಡುಗೆಮನೆಗೆ ಹೋಗಿ ಎರಡನೇ ಸಲದ ಕಾಫಿಗೆ ಇಟ್ಟ ನೀರನ್ನು ನೋಡುತ್ತ ನಿಂತಳು. ನೀರು ಕುದಿಯಿತು. ಅವಳೂ ಕುದಿದಳು. ಲೋಟಗಳಿಗೆ ಬಗ್ಗಿಸಲು ಸಾಧ್ಯವಾದದ್ದು ನೀರು ಮಾತ್ರ.

ಮಾರನೇ ದಿನ ಬೆಳಗಿನ ಜಾವ ಅವಳು ಎದ್ದಳು, ಮಿಂದಳು, ಹಾಲು ಕರೆದಳು. ಒಲೆ ಹಚ್ಚಲಿಲ್ಲ. ಗುರುಸಿದ್ದಮ್ಮ ಪೂಜೆಗೆ ಕೂತಿದ್ದಲ್ಲಿಗೆ ಬಂದು, ಪತ್ರೆಯ ಬುಟ್ಟಿಯನ್ನು ಆಕೆಯ ಕೈಗೆಟುಕುವ ಹಾಗೆ ಇಟ್ಟು, ಎದುರಿಗೆ ಕೂತಳು.

"ಅತ್ತೆಮ್ಮ, ಒಂದು ಮಾತು ಹೇಳ್ಬೇಕು. ಹಲಗೆ ಮೇಲಿರೋರು ಪುರಾತನರಲ್ಲ. ಚೆಂಡಾಡೋರು. ಸಿಗರೇಟಿನ ಪೊಟ್ಟಣದಲ್ಲಿ ಬಂದೋರು. ನಿಮಗೆ ಸುಳ್ಳು ಹೇಳಿದೋಳು ನಾನೇ. ಏನು ಬೈಯ್ಯಬೇಕು ಬೈದುಬಿಡಿ, ಬಸ್ಸಿಗೆ ಹೊತ್ತಾಗ್ತದೆ."

ಗುರುಸಿದ್ದಮ್ಮ ಒಂದು ಪತ್ರೆ ಏರಿಸಿದಳು. ಇನ್ನೊಂದು ಏರಿಸಿದಳು.

"ಗೊತ್ತು ಕಣವ್ವ," ಎಂದಳು.

"ಏನು ಗೊತ್ತು?"

"ಕಣ್ಗೆ ಪೊರೆ ಬಂದದೆ, ಮೂಗಿಗೆ ಬಂದಿಲ್ಲ. ಆ ಅಲಗೆ ತಾವ ಓದ್ರೆ ಮೊದಲ್ನೇ ದಿನದಿಂದ್ಲೂ ಒಗೆಸೊಪ್ಪಿನ ವಾಸ್ನೆ. ಆ ದೇವರಾಜನ ಬಾಯಾಗೂ ಅದೇ. ಶರಣರ ಪಟ ಅಂಗಿರ್ತದಾ?"

"ಮತ್ತೆ ಎರಡು ವರ್ಷದಿಂದ ಎಡೆ ಇಡಿಸಿದ್ರಿ."

"ನೀನು ಅಷ್ಟು ಭಕ್ತಿಯಿಂದ ಇಡ್ತಿದ್ದೆ. ಬ್ಯಾಡ ಅನ್ನಕ್ಕೆ ನಂಗೆ ಮನಸು ಬರನಿಲ್ಲ."

"ನಿನ್ನೆ ಹದಿಮೂರು ಜನ ಬಾಕಿ ಅಂದೋರು ನೀವೇ."

"ಅನ್ನದೆ ಇನ್ನೇನು ಮಾಡ್ಲವ್ವ? ಅಲಗೆ ತುಂಬೋಯ್ತು ಅಂದ್ರೆ ನಾಳಿಂದ ಯಾರು ಬತ್ತಾರೆ?" ಗುರುಸಿದ್ದಮ್ಮ ಪತ್ರೆಯ ಬುಟ್ಟಿಯಲ್ಲಿ ಕೈಯಾಡಿಸಿದಳು. "ಒತ್ತಾರೆ ನಾಕು ಜನ ಬಂದು ಕೂತ್ಕತಾರೆ. ಬಸ್ಸು ಎಲ್ಲಿ ಕೆಟ್ಟೋಯ್ತು, ಚನ್ನರಾಯಪಟ್ಟಣದಾಗೆ ಯಾರು ಯಾರ ಮ್ಯಾಲೆ ಫಿರ್ಯಾದು ಆಕಿದ್ರು, ಎಲ್ಲ ಯೋಳ್ತಾರೆ. ಕಣ್ಣು ಓದೋಳ್ಗೆ ಕಿವಿ ಒಂದೇ ಅಲ್ವಾ. ನಿಂಗೆ ನನ್ನತ್ರ ಒಂದು ಗಳಿಗೆ ಕೂತು ಮಾತಾಡು ಅಂದ್ರೆ ಪುರುಸೊತ್ತೆಲ್ಲದೆ?"

"ಅವರಿಗೆ ಬೇಯಿಸಿ ಹಾಕ್ತಾ ಇದ್ರೆ ಪುರುಸೊತ್ತು ಎಲ್ಲಿಂದ ಬರ್ತದೆ ಅತ್ತೆಮ್ಮ?"

"ಅದೂ ನಿಜಾನೇ ಅನ್ನು," ಎಂದು ಗುರುಸಿದ್ದಮ್ಮ ಒಪ್ಪಿಕೊಂಡಳು. ಒಪ್ಪಿಕೊಂಡು ಅಲ್ಲಿಗೇ ಬಿಟ್ಟಳು. "ನಂಗೊತ್ತು ಅಂತ ಅವ್ನಿಗೆ ಯೋಳ್ಬ್ಯಾಡ. ಪಾಪ, ಖುಷಿಯಾಗವ್ನೆ. ತವರಿಗೆ ಓಗೋದು ಇದ್ದೇ ಅದೆ. ಆ ಅದಿಮೂರು ಜನ ಬಂದ್ಬುಡಲಿ."

ನೀಲಾಂಬಿಕೆ ಎದ್ದಳು. ಇಷ್ಟು ದಿನ ಅವಳ ತಲೆಯ ಮೇಲೆ ಒಂದು ಸುಳ್ಳಿತ್ತು. ಈಗ ಗಂಡನಿಗೆ ತಾಯಿಯ ಗುಟ್ಟು ತಿಳಿಯಬಾರದು, ತಾಯಿಗೆ ಮಗನ ಗುಟ್ಟು ತಿಳಿದಿದೆಯೆಂದು ತೋರಬಾರದು, ಇಬ್ಬರ ನಡುವೆ ಉಪ್ಪಿಟ್ಟು ಆರಬಾರದು. ಚಿತ್ರದಲ್ಲಿರುವವರು ಯಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ನಡೆಸಿಕೊಂಡು ಹೋಗುವ ಕೆಲಸವೂ ಅವಳದೇ. ಅವಳು ಕೋಣೆಗೆ ಹೋಗಿ ಎರಡು ಸೀರೆ, ತಂಗಿಗೆಂದು ತೆಗೆದಿರಿಸಿದ್ದ ಹಳೇ ಮೆತ್ತನೆ ಪಂಚೆಗಳು, ಒಂದು ಭರಣಿ ತುಪ್ಪ ಇವನ್ನು ಗಂಟು ಕಟ್ಟಿದಳು. ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದರು. ಅವರನ್ನು ಎಬ್ಬಿಸುವುದೂ ದಿನಾ ಅವಳ ಕೆಲಸವೇ, ಅದನ್ನೂ ಮಾಡಲಿಲ್ಲ.

ಬಸ್ ನಿಲ್ಲುವ ಜಾಗದಲ್ಲಿ ದೇವರಾಜು ಅವಳನ್ನು ಕಂಡು ಬಾಯಲ್ಲಿದ್ದುದನ್ನು ಬೆನ್ನ ಹಿಂದೆ ಅಡಗಿಸಿದ.

"ಅಕ್ಕಾವ್ರೇ, ಮೇಷ್ಟ್ರೆಲ್ಲಿ?"

"ಮನೇಲಿ."

"ಜೊತೆಗೆ ಯಾರೂ ಇಲ್ವಾ?"

"ಬಸ್ಸಿನ ತುಂಬ ಜನ ಇದಾರಲ್ಲ. ಅರಕಲಗೂಡಿಗೆ ಒಂದು ಟಿಕೇಟು ಕೊಡಿ."

ದೇವರಾಜು ಟಿಕೇಟನ್ನೇನೋ ಕೊಟ್ಟ. ಆದರೆ ಅವನ ಮುಖದಲ್ಲಿ ದೊಡ್ಡ ಚಿಂತೆ ಮೂಡಿತು. ಅದು ಮೇಷ್ಟ್ರ ಮಾನದ್ದೋ ಇವತ್ತಿನ ತಿಂಡಿಯದೋ ಹೇಳುವುದು ಕಷ್ಟ. ಅವನು ಕೂಲಿಯವನೊಬ್ಬನನ್ನು ಮೇಷ್ಟ್ರ ಮನೆಗೆ ಓಡಿಸಿ, ಡ್ರೈವರಿಗೆ ಸನ್ನೆ ಮಾಡಿ ಬಸ್ಸನ್ನು ನಿಲ್ಲಿಸಿಕೊಂಡ. ನೀಲಾಂಬಿಕೆ ಮುಂದಿನ ಸಾಲಿನಲ್ಲಿ ಕೂತು ಗಂಟನ್ನು ಮಡಿಲಿಗೆ ಎಳೆದುಕೊಂಡಳು. ಅವರು ಬಂದು ಹೋಗಬೇಡ ಎಂದರೆ ಏನೆನ್ನಬೇಕು ಎಂದು ಸಿದ್ಧಮಾಡಿಕೊಂಡಳು. ಕೈಹಿಡಿದು ಎಳೆದರೆ ಹೀಗೆ, ಜನರ ಮುಂದೆ ಕಣ್ಣೀರು ಹಾಕಿದರೆ ಹೀಗೆ, ನಾನೂ ಬರುತ್ತೇನೆ ಎಂದು ಹತ್ತಿಯೇಬಿಟ್ಟರೆ ಹೀಗೆ. ಒಂಬತ್ತು ವರ್ಷ ಹೇಳದೆ ಉಳಿಸಿದ ಮಾತುಗಳೆಲ್ಲ ಸಾಲಾಗಿ ಬಂದು ನಿಂತವು. ಅಷ್ಟು ಚೆನ್ನಾದ ಮಾತುಗಳು ತನ್ನೊಳಗಿದ್ದವೆಂದು ಅವಳಿಗೇ ಗೊತ್ತಿರಲಿಲ್ಲ.

ಮೇಷ್ಟ್ರು ಬಂದರು. ಓಡಿಕೊಂಡೇ ಬಂದರು. ಪಂಚೆ ಒಂದು ಕಡೆ, ಹೊದ್ದ ಟವೆಲು ಒಂದು ಕಡೆ, ತಲೆಗೂದಲು ಎದ್ದು ನಿಂತಿತ್ತು. ಕಿಟಕಿಯ ಸರಳು ಹಿಡಿದು ಏದುಸಿರು ಬಿಟ್ಟರು. ಬಸ್ಸಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಇತ್ತ ತಿರುಗಿದರು. ನೀಲಾಂಬಿಕೆ ಮೊದಲನೇ ಮಾತನ್ನು ತುಟಿಗೆ ತಂದುಕೊಂಡು ಕಾದಳು.

"ನೀಲಾ," ಎಂದರು ಮೇಷ್ಟ್ರು. "ಸರ್ವೇ ಆಫೀಸಿನೋರು ಬಂದು ಕೂತಿದಾರೆ. ಹಾಲು ಸಿಕ್ತು, ಬೆಲ್ಲ ಸಿಕ್ತು. ಕಾಫಿಪುಡಿ ಎಲ್ಲಿಟ್ಟಿದೀಯ?"

ಎರಡನೇ ನಾಗಂದಿಗೆಯ ಮೇಲೆ, ಹುಣಸೆಹಣ್ಣಿನ ಜಾಡಿಯ ಹಿಂದೆ, ಹಿತ್ತಾಳೆ ಡಬ್ಬಿಯಲ್ಲಿ. ಉತ್ತರ ತಾನಾಗಿ ನಾಲಿಗೆಯ ತುದಿಗೆ ಬಂತು. ಸಿದ್ಧಮಾಡಿಕೊಂಡಿದ್ದ ಮಾತುಗಳನ್ನೆಲ್ಲ ತಳ್ಳಿಕೊಂಡು ಅದೊಂದೇ ಮುಂದೆ ಬಂದು ನಿಂತಿತು. ಇಷ್ಟು ದೊಡ್ಡ ಸಿಟ್ಟನ್ನು ಗಂಟು ಕಟ್ಟಿಕೊಂಡು ಬಂದ ತನ್ನ ಬಾಯಲ್ಲಿ ಈಗ ಇರುವುದು ಒಂದು ಡಬ್ಬಿಯ ವಿಳಾಸ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಡ್ರೈವರು ಹಿಂದಕ್ಕೆ ತಿರುಗಿದ. "ಏನು, ಒರಡನಾ? ಇನ್ನೊಂದು ಗಳಿಗೆ ನಿಲ್ಲುಸ್ನಾ?"

"ಮೇಷ್ಟ್ರನ್ನ ಕೇಳಪ್ಪ," ಎಂದ ದೇವರಾಜು ಕೆಳಗಿನಿಂದ.

"ಟಿಕೇಟು ತಗಂಡಿರೋರು ಅವ್ರಲ್ಲ. ಈಯಮ್ಮ." ಡ್ರೈವರು ನೀಲಾಂಬಿಕೆಯನ್ನೇ ನೋಡಿದ. "ಯೋಳಿ ತಾಯಿ."

ಮೇಷ್ಟ್ರು ಸರಳು ಬಿಡದೆ ಮುಖವೆತ್ತಿ ನಿಂತಿದ್ದರು. ಅವರ ಕಣ್ಣಲ್ಲಿ ಅವಳು ಹೊರಡುತ್ತಿರುವುದರ ಗುರುತು ಇನ್ನೂ ಇರಲಿಲ್ಲ, ಡಬ್ಬಿ ಮಾತ್ರ ಇತ್ತು. ನೀಲಾಂಬಿಕೆ ನಾಗಂದಿಗೆಯನ್ನೂ ಜಾಡಿಯನ್ನೂ ಡಬ್ಬಿಯನ್ನೂ ಒಟ್ಟಿಗೆ ನುಂಗಿಕೊಂಡಳು. ಗಂಟನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟು, ಕಾಲು ಚಾಚಿ ಕೂತಳು.

"ಹೊರಡಪ್ಪ," ಎಂದಳು.